ಬೇರೆ ಕಂಪನಿಯ ಸೆಟ್

ಅಜ್ಜಂಪುರ
14 ಮೇ 2025, ಬುಧವಾರ

ಹೊನ್ನೇಶ್ ಅವರಿಗೆ ನಿಮ್ಮ ಹೆಂಡತಿ ಬೃಂದಾಳ ನಮಸ್ಕಾರ.

ನೀವೂ ಅತ್ತೆಯವರೂ ಕಡೂರಿನಲ್ಲಿ ಚೆನ್ನಾಗಿದ್ದೀರೆಂದು ಅತ್ತೆಯ ಫೋನಿನಿಂದಲೇ ಗೊತ್ತಾಗಿದೆ, ಹಾಗಾಗಿ ಅದನ್ನು ಕೇಳಿ ಕಾಗದ ದಂಡ ಮಾಡುವುದಿಲ್ಲ. ಕೈಯಲ್ಲಿ ಫೋನಿರುವಾಗ ಇವಳೇಕೆ ಅಂಚೆ ಕಚೇರಿಗೆ ಹೋದಳು ಎಂದು ನೀವು ಹುಬ್ಬೇರಿಸುತ್ತೀರಿ. ಕಾರಣ ಸುಲಭ. ಫೋನಿನಲ್ಲಿ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಉಳಿದರ್ಧವನ್ನು ನೀವು ಹೇಳಿ ಮುಗಿಸುತ್ತೀರಿ. ವಾಟ್ಸಾಪಿನಲ್ಲಂತೂ ನಾನಿನ್ನೂ ಟೈಪ್ ಮಾಡುತ್ತಿರುವಾಗಲೇ ನಿಮ್ಮ ಹೆಬ್ಬೆರಳಿನ ಚಿತ್ರ ಬಂದು ಕೂತಿರುತ್ತದೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ನಿಮ್ಮಿಂದಲೂ ಆಗುವುದಿಲ್ಲ.

ಹೋದ ವಾರ ನೀವು ಒಂದೇ ಮೆಸೇಜಿನಲ್ಲಿ ಎರಡು ಮಾತು ಬರೆದಿರಿ. "ವಿಮಾನಕ್ಕೆ ಟ್ರಾನ್ಸ್‌ಮಿಟರ್ ತಗೊಳ್ಳೋದಾದ್ರೆ ನಂದೇ ಕಂಪನಿದು ತಗೋ, ಫುಟಾಬಾ. ಇಬ್ರೂ ಜೋಡಿಸ್ಕೊಂಡು ಹಾರಿಸಬಹುದು" ಎಂಬುದು ಒಂದು. "ಈ ಸಲದ ವರ್ಗಾವಣೇಲಿ ಕಡೂರಿಗೆ ಅರ್ಜಿ ಹಾಕು, ಮೂವತ್ತೊಂದು ಕಡೇ ದಿನ, ಮನೆಗೆ ಬಂದ್ಬಿಡು" ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದದ್ದು ನಿಮಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಾಯಿತು. ಮೊದಲು ಟ್ರಾನ್ಸ್‌ಮಿಟರಿನ ಮಾತು, ಅತ್ತೆಯ ಬಾಯಲ್ಲಿ ಆಟದ ವಿಮಾನದ ರಿಮೋಟು.

ನಾನು ಫುಟಾಬಾ ತೆಗೆದುಕೊಳ್ಳಲಿಲ್ಲ. ರೇಡಿಯೋಮಾಸ್ಟರ್ ತೆಗೆದುಕೊಂಡೆ. ನಿಮ್ಮ ಮೆಸೇಜ್ ಬರುವ ಹೊತ್ತಿಗೆ ತೆಗೆದುಕೊಂಡು ತಿಂಗಳಾಗಿತ್ತು. ಯುಗಾದಿಗೆ ನೀವು ಇಲ್ಲಿಗೆ ತಂದು ಬಾಗಿಲಲ್ಲಿಟ್ಟು ಹೋದ ಆ ಬಿಳಿ ಥರ್ಮಾಕೋಲ್ ವಿಮಾನ ಒಂದು ವಾರ ಬೀರುವಿನ ಮೇಲಿತ್ತು. ಎರಡನೇ ವಾರ ನಾನು ತರೀಕೆರೆಯ ಬಸ್ಸು ಹತ್ತಿದೆ.

ತರೀಕೆರೆಯಲ್ಲಿ ರಘುನಾಥ್ ಎಂಬ ಹಿರಿಯರಿದ್ದಾರೆ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು, ಈಗ ಮನೆಯ ತುಂಬ ಇಂಥ ವಿಮಾನ, ಮಾರುವುದೂ ಉಂಟು. ಅವರು ಮಂಚದ ಮೇಲೆ ಮೂರು ಟ್ರಾನ್ಸ್‌ಮಿಟರ್ ಸೆಟ್‌ಗಳನ್ನು ಸಾಲಾಗಿ ಇಟ್ಟರು: ಒಂದು ಫ್ಲೈಸ್ಕೈ, ಒಂದು ಫುಟಾಬಾ, ಒಂದು ರೇಡಿಯೋಮಾಸ್ಟರ್. ನಾನು ಯಾವುದು ಒಳ್ಳೆಯದು ಎಂದು ಕೇಳಿದೆ. "ಮೂರೂ ಹಾರಿಸ್ತವೆ ಕಣಮ್ಮ. ಹೆಸ್ರು ನೋಡಿ ತಗೋಬೇಡ. ಯಾರ್ ಜತೆ ಹಾರಿಸ್ತೀಯ, ಕೆಟ್ರೆ ಯಾರ್ ನೋಡ್ಕೊಡ್ತಾರೆ, ಅದನ್ನ ಯೋಚ್ನೆ ಮಾಡು. ಕಂಪನಿ ಆಮೇಲೆ" ಎಂದರು. ನಮ್ಮ ಯಜಮಾನರ ಹತ್ತಿರ ಫುಟಾಬಾ ಇದೆ ಎಂದೆ. "ಹಂಗಾದ್ರೆ ಇನ್ನೇನು, ಅದೇ ತಗೋ" ಎಂದು ಅವರು ಉಳಿದೆರಡನ್ನು ಎತ್ತಿಡಲು ಹೋದರು. ನಾನು ಕೈ ಅಡ್ಡ ಹಿಡಿದೆ.

ಆಮೇಲೆ ಅವರೊಂದು ಪ್ರಶ್ನೆ ಕೇಳಿದರು. "ಮೋಡ್ ಒಂದಾ, ಎರಡಾ?"

ಹಾಗೆಂದರೇನು ಎಂದೆ. ವೇಗದ ಕಡ್ಡಿ ಬಲಗೈಯಲ್ಲಿರುವುದು ಒಂದನೇ ಮೋಡು, ಎಡಗೈಯಲ್ಲಿರುವುದು ಎರಡನೆಯದು. ಈಗ ಹೆಚ್ಚು ಜನ ಹಾರಿಸುವುದು ಎರಡನೆಯದರಲ್ಲಿ ಎಂದು ಅವರು ಬಿಡಿಸಿ ಹೇಳಿದರು. ನಿಮಗೆ ಕಲಿಸಿದವರು ಹಳಬರು, ನಿಮ್ಮದು ಒಂದನೆಯದು, ಸರಿ. ಆದರೆ ಇನ್ನೊಂದಿದೆ ಎಂದು ನನಗೆ ಒಂದು ದಿನವೂ ಹೇಳಲಿಲ್ಲವಲ್ಲ! ಎಮ್ಮೆದೊಡ್ಡಿ ಕಾವಲಿನಲ್ಲಿ ಎರಡು ವರ್ಷ ಪ್ರತಿ ಭಾನುವಾರ ನಾನು ನಿಮ್ಮ ಕೈಗಳಲ್ಲಿ ಕಲಿಯುತ್ತಿದ್ದೆ, ನನ್ನ ಕೈಗಳಲ್ಲಿ ಅಲ್ಲ. ವಿಮಾನ ಮೇಲೇಳಬೇಕಾದಾಗ ವಾಲುತ್ತಿತ್ತು, ವಾಲಬೇಕಾದಾಗ ಏಳುತ್ತಿತ್ತು. "ನಿಂಗೆ ಕೈ ಕೂಡಿ ಬರಲ್ಲ ಕಣೇ" ಎಂದು ನೀವು ನಗುತ್ತಿದ್ದಿರಿ, ನಾನೂ ನಗುತ್ತಿದ್ದೆ. ರಘುನಾಥ್ ಅವರ ಮನೆಯಲ್ಲಿ ಎರಡನೇ ಮೋಡಿನ ರೇಡಿಯೋಮಾಸ್ಟರನ್ನು ಕೈಗೆ ತೆಗೆದುಕೊಂಡು ಕಂಪ್ಯೂಟರಿನ ಪರದೆಯ ಮೇಲೆ ಹಾರಿಸಿ ನೋಡಿದೆ. ಹತ್ತು ನಿಮಿಷದಲ್ಲಿ ಒಂದು ಸುತ್ತು ಸಲೀಸಾಗಿ ಬಂತು. ನನಗೆ ಬಂದ ಸಿಟ್ಟಿಗೆ ಅವರ ಮನೆಯ ಕಾಫಿ ಆರಿಹೋಯಿತು.

ಇಷ್ಟೇ ಆಗಿದ್ದರೆ ಎರಡನೇ ಮೋಡಿನ ಫುಟಾಬಾವನ್ನೇ ತರಬಹುದಿತ್ತು, ಅದೂ ಸಿಗುತ್ತದೆ. ತರದಿದ್ದುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಬರೆಯಲು ನೆನ್ನೆಯಿಂದ ಪೆನ್ನು ಹಿಡಿದು ಕೂತಿದ್ದೇನೆ.

ಹೋದ ವರ್ಷ ಜನವರಿಯ ಆ ಭಾನುವಾರ ನೆನಪಿದೆಯೇ? ನಿಮ್ಮ ಗೆಳೆಯ ವಿಜಯ್ ಅವರ ಫುಟಾಬಾ ಎರವಲು ತಂದು ನನ್ನ ಕೈಗೆ ಕೊಟ್ಟು, ಅದನ್ನು ನಿಮ್ಮದಕ್ಕೆ ಜೋಡಿಸಿದ್ದಿರಿ. ಕಲಿಸುವವರು ಸ್ವಿಚ್ ಎಳೆದು ಹಿಡಿದಿರುವಷ್ಟು ಹೊತ್ತು ವಿಮಾನ ಕಲಿಯುವವರ ಕೈಯಲ್ಲಿ, ಬೆರಳು ಬಿಟ್ಟರೆ ಕಲಿಸುವವರ ಕೈಯಲ್ಲಿ. ಅವತ್ತು ಗಾಳಿ ಇರಲಿಲ್ಲ. ಕಾವಲಿನ ದನಗಳು ದೂರದಲ್ಲಿ ಮೇಯುತ್ತಿದ್ದವು. ನಾನು ವಿಮಾನವನ್ನು ತಿರುಗಿಸಿ ತಂದು, ವೇಗ ಇಳಿಸಿ, ಹುಲ್ಲಿನ ಮಟ್ಟಕ್ಕೆ ತರುತ್ತಿದ್ದೆ. ಅದು ಸ್ವಲ್ಪ ವಾಲಿತು. ನಾನು ಸರಿ ಮಾಡಲು ಹೊರಟೆ, ಕಡ್ಡಿ ತಳ್ಳಿದೆ, ವಿಮಾನ ನನ್ನ ಮಾತು ಕೇಳಲಿಲ್ಲ. ನೀವು ಬೆರಳು ಬಿಟ್ಟಿದ್ದಿರಿ. ಹೂವಿನ ಹಾಗೆ ಇಳಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. "ಹೆದರ್ಕೋಬೇಡ, ನಾನಿದ್ನಲ್ಲ" ಎಂದಿರಿ.

ನಾನು ಹೆದರಿರಲಿಲ್ಲ ಕಣ್ರೀ. ಅವತ್ತು ಅದನ್ನು ನಾನು ಇಳಿಸುತ್ತಿದ್ದೆನೋ ಬೀಳಿಸುತ್ತಿದ್ದೆನೋ ಎಂಬುದು ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಅದಕ್ಕೆ ನನಗೆ ದುಃಖವಾಯಿತು. ಮನೆಗೆ ಬರುವಾಗ ಯೋಚಿಸಿದರೆ ಆರು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗದೆ ಹೋದದ್ದು ಅದೊಂದೇ ಅಲ್ಲ. ಹೋಟೆಲಿನಲ್ಲಿ ಮಾಣಿ ಬಂದು ನಿಂತ ಕೂಡಲೇ "ಇವಳಿಗೆ ಖಾಲಿ ದೋಸೆ" ಎನ್ನುತ್ತಿದ್ದಿರಿ. ನನ್ನ ಸ್ಕೂಟರಿನ ಗಾಳಿಯನ್ನು ನನಗಿಂತ ಮೊದಲು ಒತ್ತಿ ನೋಡುತ್ತಿದ್ದಿರಿ. ಸರ್ವೆ ಇಲಾಖೆಯಲ್ಲಿ ಊರಿನವರ ಜಮೀನಿಗೆಲ್ಲ ಹದ್ದುಬಸ್ತು ಮಾಡಿ ಗಡಿಕಲ್ಲು ನೆಡಿಸುವ ನಾನು, ನನ್ನ ಮನೆಯಲ್ಲಿ ನನ್ನದು ಎಲ್ಲಿಯವರೆಗೆ ಎಂದು ಅಳೆಯಲೇ ಇಲ್ಲ. ನೀವು ಕೆಟ್ಟವರಲ್ಲ. ಒಂದು ದಿನವೂ ಗದರಿದವರಲ್ಲ. ಪ್ರೀತಿಯಿಂದಲೇ ಎಲ್ಲವನ್ನೂ ನನ್ನ ಕೈಯಿಂದ ತೆಗೆದುಕೊಂಡಿರಿ, ಅದಕ್ಕೇ ಬಾಯಿ ಬಿಟ್ಟು ಹೇಳುವುದು ಕಷ್ಟವಾಯಿತು.

ಆದ್ದರಿಂದ ನಿಮ್ಮ ಸೆಟ್ಟಿಗೆ ಕೂಡಲೇ ಜೋಡಿಸಲು ಬಾರದ ಸೆಟ್ಟನ್ನೇ ಹುಡುಕಿ ತಂದೆ. ವಿಮಾನದೊಳಗೆ ಸೆಟ್ಟಿನ ಸಂಕೇತ ಹಿಡಿಯುವ ರಿಸೀವರನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಂಡೆ. ಹಾರಿಸಿದ್ದು ಎಲ್ಲಿ ಎಂದರೆ, ಈರಣ್ಣನವರ ಹೊಲದಲ್ಲಿ. ಹೋದ ಚಳಿಗಾಲದಲ್ಲಿ ನಾನು ಅಳತೆ ಮಾಡಿಕೊಟ್ಟ ಜಮೀನು ಅದು, ಈರುಳ್ಳಿ ಕಿತ್ತ ಮೇಲೆ ಖಾಲಿ ಬಿದ್ದಿದೆ. ಬೆಳಿಗ್ಗೆ ಆರಕ್ಕೆ ಹೋದರೆ ಅವರು ಬದುವಿನ ಮೇಲೆ ಕೂತಿರುತ್ತಾರೆ. ಈ ಸೆಟ್ಟು ಮಾತಾಡುತ್ತದೆ, ಎಷ್ಟು ನಿಮಿಷವಾಯಿತೆಂದು ಇಂಗ್ಲಿಷಿನಲ್ಲಿ ಹೇಳುತ್ತದೆ. "ಒಳಗ್ಯಾರೋ ಹೆಂಗ್ಸು ಅವ್ಳಲ್ಲ ಮೇಡಮ್ಮಾರೇ" ಎಂದು ಈರಣ್ಣ ಹಿಂದೆ ಸರಿದರು. ಬೇಕಾದ ದನಿಯನ್ನು ನಾವೇ ತುಂಬಬಹುದು ಎಂದು ಗೊತ್ತಾದ ಮೇಲೆ ಆ ಹೆಂಗಸನ್ನು ಬಿಡಿಸಿ ನಾನೇ ಕೂತೆ. ಈಗ ಬ್ಯಾಟರಿ ಕಡಿಮೆಯಾದರೆ ನನ್ನ ದನಿಯೇ ನನಗೆ "ಸಾಕು, ಇಳಿಸೇ" ಎನ್ನುತ್ತದೆ.

ಮೊದಲ ದಿನವೇ ಬೀಳಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ವಿಮಾನ ಚೆನ್ನಾಗಿಯೇ ಹೋಗುತ್ತಿತ್ತು. ಈರಣ್ಣ ಎದ್ದು ನಿಂತು "ಹದ್ದು! ಮೇಡಮ್ಮಾರೇ, ಹದ್ದು ನೋಡಿ!" ಎಂದು ಕೂಗಿದರು. ಪಕ್ಕದ ಹೊಲ ಲಕ್ಕಣ್ಣನದು, ಇವರಿಬ್ಬರಿಗೂ ಅರ್ಧ ಅಡಿ ಬದುವಿಗೆ ಹಳೇ ಜಗಳ, ಅದನ್ನು ಅಳೆದವಳೂ ನಾನೇ. ನನ್ನ ತಲೆಯಲ್ಲಿ ಹದ್ದು ಎಂದರೆ ಗಡಿ! ವಿಮಾನ ಲಕ್ಕಣ್ಣನ ಹದ್ದಿಗೆ ಹೋಯಿತೆಂದು ಸರಕ್ಕನೆ ಹಿಂದಕ್ಕೆ ತಿರುಗಿಸಿದೆ. ಅವರು ಹೇಳಿದ್ದು ರೆಕ್ಕೆಯ ಹದ್ದು. ಅದರ ಎದೆಗೇ ನುಗ್ಗಿಸಿದೆ. ಹಕ್ಕಿ ಒಂದು ಗರಿಯನ್ನೂ ಕಳೆದುಕೊಳ್ಳದೆ ಹಾರಿಹೋಯಿತು. ವಿಮಾನ ಮಾತ್ರ ಪಲ್ಟಿ ಹೊಡೆದು ಲಕ್ಕಣ್ಣನ ಹೊಲದಲ್ಲೇ ಬಿತ್ತು. "ಇದ್ನೂ ಅಳತೆ ಮಾಡಿ ಎತ್ಕಂಡು ಹೋಗ್ತೀರಾ, ಹಂಗೇ ಎತ್ಕಂತೀರಾ?" ಎಂದು ಆತ ಕೇಳಿದ. ಮೂತಿಯನ್ನು ಅಂಟು ಹಾಕಿ ನಿಲ್ಲಿಸಿದೆ. ಆಮೇಲೆ ಇನ್ನೆರಡು ಸಲ ಬೀಳಿಸಿದೆ, ಆಗ ಹದ್ದಿನ ತಪ್ಪೇನೂ ಇರಲಿಲ್ಲ.

ಈ ತಿಂಗಳ ನಾಲ್ಕನೇ ತಾರೀಕು, ಭಾನುವಾರ. ಇಳಿಸುವಾಗ ಅದು ಮತ್ತೆ ವಾಲಿತು, ಕಾವಲಿನಲ್ಲಿ ವಾಲಿದ ಹಾಗೆಯೇ. ಯಾರೂ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸ್ವಲ್ಪ ಎಡಕ್ಕೆ ಒತ್ತಿದೆ, ಕಾದೆ. ಗಾಲಿ ಮಣ್ಣಿಗೆ ತಗುಲಿತು, ಒಂದು ಸಲ ಪುಟಿಯಿತು, ನಿಂತಿತು. ನಾನು ಹೊಲದಲ್ಲೇ ಕೂತು ಅತ್ತುಬಿಟ್ಟೆ. ಈರಣ್ಣ ಗಾಬರಿಯಾಗಿ "ಮುರೀತಾ?" ಎಂದು ಓಡಿಬಂದರು. ಇಲ್ಲ ಈರಣ್ಣಾ, ಮುರೀಲಿಲ್ಲ ಎಂದೆ. ಅಷ್ಟು ಖುಷಿ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಆ ಖುಷಿಯನ್ನು ಮೊದಲು ಹೇಳಬೇಕೆನ್ನಿಸಿದ್ದು ನಿಮಗೇ. ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಅತ್ತೆ ಮೊನ್ನೆ ಫೋನಿನಲ್ಲಿ "ಅದೇನೋ ರಿಮೋಟ್ ತಗೊಂಡ್ಯಂತೆ, ಈರಣ್ಣನ ತಂಗಿ ಹುಚ್ಚಮ್ಮ ಸಂತೇಲಿ ಸಿಕ್ಕಿ ಹೇಳಿದ್ಲು. ಅವನಿಗೆ ನಾನು ಹೇಳಿಲ್ಲ, ನೀನೇ ಹೇಳ್ಕೋ. ದಿನಾ ಆ ವಿಮಾನಗಳ್ನ ಒರೆಸ್ತಾನೆ, ಹಾರಿಸ್ತಾನೇ ಇಲ್ಲ ಕಣೇ" ಎಂದರು. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ನಿಮ್ಮನ್ನು ಬಿಟ್ಟು ಹಾರಿಸುವುದು ಕಲಿಯಬೇಕಿತ್ತು ನಿಜ, ನೀವು ಹಾರಿಸುವುದನ್ನೇ ಬಿಡಬೇಕೆಂದು ನಾನು ಬಯಸಿರಲಿಲ್ಲ.

ಅದಕ್ಕೇ ಮತ್ತೆ ತರೀಕೆರೆಗೆ ಹೋಗಿ ರಘುನಾಥ್ ಅವರನ್ನು ಕೇಳಿದೆ. ಎರಡು ಕಂಪನಿಯ ಸೆಟ್‌ಗಳನ್ನೂ ಒಂದು ಕೇಬಲ್ಲಿನಿಂದ ಜೋಡಿಸಬಹುದಂತೆ. ಅವರೇ ಬೆಸುಗೆ ಹಾಕಿ ಮಾಡಿಕೊಟ್ಟರು, ಅದೀಗ ನನ್ನ ಮೇಜಿನ ಮೇಲಿದೆ. ಮೋಡ್ ಬೇರೆಯಾದರೂ ಅಡ್ಡಿಯಿಲ್ಲ, ನೀವು ನಿಮ್ಮ ಕೈಯ ಅಭ್ಯಾಸದಲ್ಲೇ ಹಾರಿಸಿ, ನಾನು ನನ್ನದರಲ್ಲಿ, ವಿಮಾನ ಒಂದೇ. ಒಂದೇ ಒಂದು ಷರತ್ತು: ರಿಸೀವರ್ ನನ್ನ ಕಂಪನಿಯದು, ಆದ್ದರಿಂದ ಕಲಿಸುವವರ ಸೆಟ್ಟು ನನ್ನದು, ಸ್ವಿಚ್ ಇರುವುದು ನನ್ನ ಬೆರಳಿನಲ್ಲಿ.

ಭಾನುವಾರ ಬೆಳಿಗ್ಗೆಯ ರೈಲಿಗೆ ನಿಮ್ಮ ಫುಟಾಬಾ ಹಿಡಿದುಕೊಂಡು ಅಜ್ಜಂಪುರಕ್ಕೆ ಬನ್ನಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಸ್ಕೂಟರ್ ನಾನೇ ಓಡಿಸುತ್ತೇನೆ, ನೀವು ಹಿಂದೆ ಕೂರಬೇಕು. ಈರಣ್ಣನವರ ಹೊಲದಲ್ಲಿ ನೀವು ಹಾರಿಸಿ, ನಾನು ಸ್ವಿಚ್ ಹಿಡಿದಿರುತ್ತೇನೆ. ಮನುಷ್ಯರು, ದನಕರು ಅಡ್ಡ ಬಂದರೆ ಮಾತ್ರ ಬೆರಳು ಬಿಡುತ್ತೇನೆ. ಉಳಿದಂತೆ ವಿಮಾನ ವಾಲಲಿ, ಮೂತಿ ಕುಟ್ಟಿಕೊಳ್ಳಲಿ, ನಾನು ತೆಗೆದುಕೊಳ್ಳುವುದಿಲ್ಲ. ಇದನ್ನು ನಾನು ನಿಮಗೆ ಪಾಠ ಕಲಿಸಲು ಹೇಳುತ್ತಿಲ್ಲ. ಪಕ್ಕದಲ್ಲಿ ನಿಂತು ಬೆರಳು ಬಿಡದೆ ಇರುವುದೂ ಸಾಧ್ಯವೆಂದು ನಾವಿಬ್ಬರೂ ಒಂದು ಸಲ ನೋಡಬೇಕು.

ಅತ್ತೆಗೆ ನಮಸ್ಕಾರ ತಿಳಿಸಿ.

ನಿಮ್ಮ
ಬೃಂದಾ
ಭೂಮಾಪಕಿ, ಅಜ್ಜಂಪುರ ತಾಲ್ಲೂಕು
(ಅಭ್ಯಾಸಬಲದಿಂದ ಬರೆದೆ, ಹೊಡೆದುಹಾಕುವುದಿಲ್ಲ.)

ತಾ.ಕ.: ಕಡೂರಿಗೆ ಅರ್ಜಿ ಹಾಕಿಲ್ಲ, ಹಾಕುವುದೂ ಇಲ್ಲ. ಹೋದ ವರ್ಷ ಜುಲೈನಲ್ಲಿ ಸರ್ಕಾರ ನನ್ನನ್ನು ಇಲ್ಲಿಗೆ ಎತ್ತಿಹಾಕಿತೆಂದು ನಿಮಗೆ ಹೇಳಿದ್ದು ಸುಳ್ಳು. ಹೊಡೆದಾಟದ ಜಮೀನಿನ ಅಳತೆಗೆ ನನ್ನನ್ನು ಕಳಿಸಬೇಡಿ, "ಅವ್ಳ ಕೈಲಿ ಆಗಲ್ಲ ಸಾರ್" ಎಂದು ನೀವು ಕಡೂರಿನ ನಮ್ಮ ಸಾಹೇಬರಿಗೆ ಫೋನ್ ಮಾಡಿದ್ದಿರಲ್ಲ, ಅದು ಅವತ್ತೇ ನನ್ನ ಕಿವಿಗೆ ಬಿತ್ತು. ಅವತ್ತು ಸಂಜೆಯೇ ವರ್ಗಾವಣೆ ಕೇಳಿ ನಾನೇ ಅರ್ಜಿ ಬರೆದೆ. ಹತ್ತು ತಿಂಗಳು ಹೇಳದೆ ಇಟ್ಟುಕೊಂಡದ್ದು ನನ್ನ ತಪ್ಪು, ಕ್ಷಮಿಸಿ. ಭಾನುವಾರ ಬರುವಾಗ ಎರಡು ಜೊತೆ ಬಟ್ಟೆ ತನ್ನಿ, ಸೋಮವಾರ ನಿಮ್ಮ ಮೋಟಾರ್ ವೈಂಡಿಂಗ್ ಅಂಗಡಿ ಮುಚ್ಚಿರಲಿ. ಅವತ್ತು ಅಣ್ಣತಮ್ಮಂದಿರಿಬ್ಬರು ಕುಡುಗೋಲು ಹಿಡಿದು ನಿಂತಿರುವ ಜಮೀನನ್ನು ನಾನು ಅಳೆಯಬೇಕು. ನೀವು ಬದುವಿನ ಮೇಲೆ ಕೂತು ಸುಮ್ಮನೆ ನೋಡಿ.