ಚೀಲದಲ್ಲಿ ಇಸ್ತ್ರಿಪೆಟ್ಟಿಗೆ

ನವೆಂಬರ್ 12, ಬುಧವಾರ

ನಿನ್ನೆ ರಾತ್ರಿಯೂ ಅದೇ ಕನಸು. ಇಸ್ತ್ರಿಪೆಟ್ಟಿಗೆ ಆಫ್ ಮಾಡದೆ ಬಂದುಬಿಟ್ಟಿದ್ದೆ, ನನ್ನ ಇಸ್ತ್ರಿ ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆಯೆಲ್ಲ ಧಗಧಗ ಉರಿಯುತ್ತಿತ್ತು. ಎದ್ದ ಮೇಲೆ ನಿದ್ದೆ ಹತ್ತಲಿಲ್ಲ. ದಿನವೂ ಅರ್ಧ ದಾರಿಯಿಂದ ಹಿಂದಿರುಗಿ ಬೀಗ ತೆಗೆದು ನೋಡುತ್ತೇನೆ. ಆಫ್ ಆಗಿಯೇ ಇರುತ್ತದೆ.

ಹೋದ ವಾರ ಡಾಕ್ಟರಮ್ಮ ಬಿಪಿ ನೋಡಿ ಹೇಳಿದ್ದರು, "ರಾತ್ರಿ ನಿದ್ದೆ, ಬೆಳಿಗ್ಗೆ ನಡಿಗೆ. ಸಂಜೆ ಮೇಲೆ ಟೀ ಬೇಡ. ಇಳೀದಿದ್ರೆ ಮಾತ್ರೆನೇ ಗತಿ." ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದದ್ದು ಇದೇ ಬಿಪಿಯಿಂದ. ನನ್ನ ಅನ್ನವೆಲ್ಲ ಬಲಗೈಯಲ್ಲೇ ಇದೆ.

ಅದಕ್ಕೇ ಇವತ್ತು ಇಸ್ತ್ರಿಪೆಟ್ಟಿಗೆ ತಣ್ಣಗಾದ ಮೇಲೆ ಚೀಲಕ್ಕೆ ಹಾಕಿಕೊಂಡು ಮನೆಗೇ ತಂದುಬಿಟ್ಟೆ. ಅತ್ತೆ ಚೀಲ ಎತ್ತಿ ನೋಡಿ, "ಏನಮ್ಮಾ, ಗಂಡನ್ನ ಬಿಟ್ಟಿದ್ರೂ ಇದನ್ನ ಬಿಟ್ಟಿರಲ್ವಾ?" ಎಂದು ನಕ್ಕರು. ನನಗೂ ನಗು ಬಂತು. ಆಮೇಲೆ ಮೆಲ್ಲಗೆ ಹೇಳಿದರು, "ನಾಳೆ ಅಲ್ಲೇ ಬಿಟ್ಟು ಬಾ. ಪ್ಲಗ್ ಕೀಳುವಾಗ 'ಕಿತ್ತೆ' ಅಂತ ಗಟ್ಟಿಯಾಗಿ ಹೇಳು. ಕಿವಿಗೆ ಬಿದ್ದಿದ್ದು ನೆನಪಿರುತ್ತೆ."

ಹಾಗೇ ಮಾಡುತ್ತೇನೆ. ರಸ್ತೆಯವರು ಕೇಳಿ ನಕ್ಕರೆ ನಗಲಿ. ಇನ್ನು ಮೇಲೆ ಮನಸ್ಸು ಎಷ್ಟೇ ಎಳೆದರೂ ಕಾಲು ಮಾತ್ರ ಮನೆಯ ಕಡೆಗೇ. ಸಂಜೆಯ ಟೀ ಕುಡಿದಿಲ್ಲ, ತಲೆ ಸಿಡಿಯುತ್ತಿದೆ. ಸಿಡಿಯಲಿ. ಬೆಳಿಗ್ಗೆ ಅತ್ತೆಯ ಜೊತೆ ನಡೆಯಲು ಹೋಗಲೇಬೇಕು.

ಇವರು ಅಲಾರಂ ಇಟ್ಟು ಆ ಕಡೆ ತಿರುಗಿ ಮಲಗಿದ್ದಾರೆ. ಎಬ್ಬಿಸಿ ಕೇಳಿಯೇಬಿಟ್ಟೆ, "ರೀ, ಬೆಳಿಗ್ಗೆ ಐದೂವರೆಗೇ ಇಟ್ಟಿದ್ದೀರಿ ತಾನೆ? ಸಂಜೆ ಐದೂವರೆಗೆ ಆಗಿದೆಯೋ ಏನೋ, ಇನ್ನೊಂದ್ಸಲ ನೋಡಿ."