ರೇಡಿಯೊ ವೈರ್‌ಗೆ ಕಟ್ಟಿದ ಚೋಕ್

ಫೆಬ್ರವರಿ ೧೧, ಮಂಗಳವಾರ

ಗುಬ್ಬೀ,

ಮೊದಲು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಕಣ್ಣಿನ ಆಪರೇಷನ್ ಆದವಳು ನೀನು. ಕಪ್ಪು ಕನ್ನಡಕ ಹಾಕಿಕೊಂಡೇ ಎರಡು ಪತ್ರ ಬರೆದೆ. ಎರಡು ಕಣ್ಣೂ ನೆಟ್ಟಗಿರುವ ನಾನು ಸುಮ್ಮನಿದ್ದೆ. ಬರೆಯಲು ಕೂತಾಗೆಲ್ಲ ‘ಇಲ್ಲಿ ನಾವಿಬ್ಬರೂ ಕ್ಷೇಮ’ ಎಂಬ ಸಾಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಇವತ್ತು ಆ ಸಾಲನ್ನು ಬಿಟ್ಟು ಬರೆಯುತ್ತಿದ್ದೇನೆ.

ಕಣ್ಣಿಗೆ ಹನಿ ಹಾಕುವುದನ್ನು ತಪ್ಪಿಸಬೇಡ. ನಿನ್ನ ಯಜಮಾನರು ಹನಿ ಹಾಕಲು ಬಂದು ಮೂಗಿಗೆ ಬಿಟ್ಟರು ಅಂತ ಓದಿ ತುಂಬಾ ನಕ್ಕೆ. ನಮ್ಮ ಯಜಮಾನರು ಪಕ್ಕದ ಕೋಣೆಯಿಂದ ಇಣುಕಿ ನೋಡಿ, ಏನು ಅಂತ ಕೇಳದೆ ಹೋದರು.

ನಮ್ಮಲ್ಲಿ ಜಗಳವಿಲ್ಲ, ನಿನಗೆ ಗೊತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮಾತು ಸೋರಿಹೋಯಿತು, ಅಷ್ಟೆ. ಈಗ ಉಳಿದಿರುವುದು ‘ಊಟ ಆಯ್ತಾ?’, ‘ಗೇಟು ಹಾಕಿದ್ಯಾ?’ ಮಾತ್ರ. ನಾನು ಲೈಬ್ರರಿಯಿಂದ ಬಂದು ಪುಸ್ತಕ ಹಿಡಿದು ಕೂರುತ್ತೇನೆ, ಇವರು ನಕ್ಷೆ ಬಿಡಿಸುವ ಆಫೀಸಿನಿಂದ ಬಂದು ಷೆಡ್ಡಿಗೆ ಹೋಗುತ್ತಾರೆ. ‘ಅವರು ಇರ್ತಾರೋ ಹೋಗ್ತಾರೋ, ಒಂದ್ಸಲ ಬಾಯಿಬಿಟ್ಟು ಕೇಳೇ’ ಅಂತ ಬರೆದಿದ್ದೆಯಲ್ಲ? ಕೇಳಿದೆ. “ಎಲ್ಲಿಗೆ ಹೋಗ್ಲಿ?” ಅಂದರು. ಅದನ್ನು ಉತ್ತರ ಎಂದುಕೊಳ್ಳಬೇಕೋ, ನನ್ನನ್ನೇ ಕೇಳಿದ ಪ್ರಶ್ನೆ ಎಂದುಕೊಳ್ಳಬೇಕೋ ಇನ್ನೂ ತಿಳಿದಿಲ್ಲ.

ಷೆಡ್ಡಿನಲ್ಲಿರುವುದು ಅದೇ ಹಳೇ ಕಾರು. ಮಾವನವರ ಕಾಲದ ದುಂಡು ದೀಪದ ಮುದುಕಿ. ಚಳಿಗಾಲ ಶುರುವಾಗುವಾಗ ಅದರ ಚೋಕ್ ಕೈಕೊಟ್ಟಿತು. ನನಗೂ ಅದು ಏನೆಂದು ಗೊತ್ತಿರಲಿಲ್ಲ, ಈಗ ಬೇಡವೆಂದರೂ ಗೊತ್ತು. ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಬೇಕಂತೆ. ಅದಕ್ಕೆ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೆ ಒಂದು ತಗಡಿನ ಮುಚ್ಚಳ, ಅದೇ ಚೋಕ್. ಹೊರಡುವಾಗ ಡ್ಯಾಷ್‌ಬೋರ್ಡಿನ ಗುಂಡಿ ಎಳೆದರೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ನೆನಪಿಟ್ಟು ಗುಂಡಿಯನ್ನು ಒಳಗೆ ತಳ್ಳಬೇಕು. ಗುಂಡಿಯ ತಂತಿ ತುಕ್ಕು ಹಿಡಿದು ಕೂತಿತ್ತು.

ಬೋಲ್ಟು ಬಂದ. ಇವರ ಶಾಲೆಯ ಗೆಳೆಯ, ಮೆಕ್ಯಾನಿಕ್ಕು; ಅವನ ಹೆಂಡತಿಯೂ ಅವನನ್ನು ಹಾಗೇ ಕರೆಯುತ್ತಾಳೆ. ಒಂದು ಭಾನುವಾರ ಪೂರ್ತಿ ಇಬ್ಬರೂ ಚೋಕ್ ಆರಿಸಿದರು. ಹೆಣ್ಣು ನೋಡಲು ಹೋದವರು ಕೂಡ ಅಷ್ಟು ಯೋಚಿಸುವುದಿಲ್ಲ.

“ತಂತಿ ಹೊಸದು ಹಾಕಿಸ್ಕೊಳೋ, ಸುಖ ಇದೆ,” ಅಂದ ಬೋಲ್ಟು. “ಇಲ್ಲಾ ಬಿಸಿನೀರಿಂದು ಹಾಕ್ತೀನಿ. ರೇಡಿಯೇಟರ್ ನೀರು ಕಾದಂಗೆ ತಾನೇ ಬಾಯಿ ತೆರೆಯುತ್ತೆ.”

“ಆ ಪೈಪು ಸೋರಿದ್ರೆ ಯಾರು ಒರೆಸೋರು? ನೀನು ಬರ್ತೀಯಾ?”

“ಹಂಗಾದ್ರೆ ಕರೆಂಟಿಂದು. ಒಂದು ಡಬ್ಬಿ, ಒಳಗೊಂದು ಸುರುಳಿ, ಒಂದೇ ಒಂದು ವೈರು. ಕರೆಂಟ್ ಬಂದಂಗೆ ಸುರುಳಿ ಕಾದು ಬಾಯಿ ತೆರೆಯುತ್ತೆ. ನೀನು ಏನೂ ಮಾಡಂಗಿಲ್ಲ, ಮಹಾರಾಜನ ತರ ಕೂತ್ಕೋ.”

“ಅದನ್ನೇ ಹಾಕು. ಎಲ್ಲಾ ನಾನೇ ನೆನಪಿಟ್ಕೊಂಡು ನಾನೇ ತಳ್ಳಿ ಸಾಕಾಗಿದೆ,” ಅಂದರು ಇವರು.

ನಾನು ಕಾಫಿ ಕೊಡಲು ಹೋಗಿದ್ದೆ. ಇವರ ದನಿಯಲ್ಲಿ ಅಷ್ಟು ದಣಿವು ಇದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೋಲ್ಟು ಡಬ್ಬಿ ಕೂರಿಸಿ, ಕೈಗೆ ಹತ್ತಿರವಿದ್ದ ರೇಡಿಯೊ ವೈರ್‌ಗೆ ಅದನ್ನು ಕಟ್ಟಿದ. ಕೀಲಿ ತಿರುಗಿಸಿದರು, ಮುದುಕಿ ಒಂದೇ ಮಾತಿಗೆ ಎದ್ದಳು. ಅವತ್ತು ಮೂವರೂ ನಕ್ಕೆವು.

ಆಮೇಲೆ ಬೆಳಗಿನ ಸಂಗತಿ ಶುರುವಾಯಿತು. ನಾನು ಏಳುವ ಮೊದಲೇ ಇವರು ಷೆಡ್ಡಿನಲ್ಲಿರುತ್ತಿದ್ದರು. ಅಡುಗೆಮನೆಗೆ ಕಾರಿನ ರೇಡಿಯೊ ಕೇಳುತ್ತಿತ್ತು. ವಾರ್ತೆ ಮುಗಿದು, ಹವಾಮಾನ ಮುಗಿದು, ಯಾರೋ ಗೊಬ್ಬರದ ಬಗ್ಗೆ ಮಾತಾಡಿ ಮುಗಿಸಿದ ಮೇಲೆ ಸ್ಟಾರ್ಟರ್ ಕೊರಗುವ ಸದ್ದು. ಮತ್ತೆ ಮತ್ತೆ ಕೊರಗಿ ಸುಮ್ಮನಾಗುತ್ತಿತ್ತು. ಇವರು ಬಂದು ಕೈ ತೊಳೆದು “ಸ್ಟಾರ್ಟ್ ಆಗ್ತಿಲ್ಲ” ಅನ್ನುತ್ತಿದ್ದರು. ಎಲ್ಲಿಗೆ ಹೊರಟಿದ್ರಿ ಅಂದರೆ “ಎಲ್ಲಿಗೂ ಇಲ್ಲ, ಬ್ಯಾಟರಿ ಚಾರ್ಜ್ ಆಗ್ಲಿ ಅಂತ.” ಕಾಫಿ ಕುಡಿದು ಬಸ್ಸಿಗೆ ಹೋಗುತ್ತಿದ್ದರು.

ಬೋಲ್ಟು ನೋಡಲು ಬಂದರೆ ಕಾರು ತಕ್ಷಣ ಸ್ಟಾರ್ಟ್! ಇನ್ನೊಂದು ದಿನ ಬಂದ, ಆಗಲೂ ಸ್ಟಾರ್ಟ್. “ಅವನ ಮುಂದೊಂದು ನಾಟಕ, ನನ್ನ ಮುಂದೊಂದು ನಾಟಕ. ಥೇಟ್ ನಮ್ಮನೆಯವಳ ತರಾನೇ,” ಅಂತ ಬಾನೆಟ್ಟಿಗೆ ಒಂದು ಬಿಟ್ಟ.

ಕಳೆದ ಶನಿವಾರ ಇವರು ಆಫೀಸಿನಲ್ಲಿದ್ದಾಗ ಮತ್ತೆ ಬಂದ. ನನಗೆ ರಜೆ. “ಅತ್ತಿಗೆ, ಸ್ಟಾರ್ಟ್ ಮಾಡೋಕೆ ಮುಂಚೆ ಅವನು ಏನ್ ಮಾಡ್ತಾನೆ, ನೋಡಿದೀರಾ?”

“ಕೂತಿರ್ತಾರೆ. ರೇಡಿಯೊ ಹಾಕ್ಕೊಂಡು.”

“ಎಷ್ಟೊತ್ತು?”

“ತುಂಬಾ ಹೊತ್ತು.”

ಅವನು ಏನೋ ಹೊಳೆದವನಂತೆ ಕಾರ್ಬ್ಯುರೇಟರಿನ ಮೇಲಿನ ದೊಡ್ಡ ಮುಚ್ಚಳ ಬಿಚ್ಚಿ, ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟ. ರೇಡಿಯೊ ಹಾಡತೊಡಗಿತು. “ನೋಡ್ತಿರಿ,” ಅಂದ. ಇಬ್ಬರೂ ಬಗ್ಗಿ ನಿಂತೆವು. ಮುಚ್ಚಿಕೊಂಡಿದ್ದ ಚೋಕಿನ ತಗಡು, ಯಾರೂ ಮುಟ್ಟದಿದ್ದರೂ, ಹೂವು ಅರಳುವಷ್ಟು ನಿಧಾನವಾಗಿ ತೆರೆದುಕೊಂಡಿತು. ಎಂಜಿನ್ ಕೈಗೆ ಹಿಮದಂತೆ ತಣ್ಣಗಿತ್ತು.

“ತಪ್ಪು ನಂದೇ,” ಅಂದ ಬೋಲ್ಟು. “ಎಂಜಿನ್ ಓಡುವಾಗ ಮಾತ್ರ ಕರೆಂಟ್ ಬರೋ ಕಡೆ ಕಟ್ಟಬೇಕಿತ್ತು. ಹತ್ರ ಇತ್ತಲ್ಲ ಅಂತ ರೇಡಿಯೊಗೆ ಕಟ್ಟಿದೆ. ಕೀಲಿ ಹಾಕಿ ತಕ್ಷಣ ಹೊರಟ್ರೆ ತೊಂದ್ರೆ ಇಲ್ಲ. ಕೂತು ಯೋಚ್ನೆ ಮಾಡ್ತಿದ್ರೆ ಬಾಯಿ ತೆರೆದುಬಿಡುತ್ತೆ, ಆಮೇಲೆ ತಣ್ಣಗಿರೋ ಎಂಜಿನ್ ಏಳಲ್ಲ. ಹೋಗೋನು ಯಾವನಾದ್ರೂ ಅಷ್ಟೊತ್ತು ಕೂರ್ತಾನಾ?”

ಸ್ಪ್ಯಾನರ್ ಪೆಟ್ಟಿಗೆಗಾಗಿ ಡಿಕ್ಕಿ ತೆಗೆದ. ಒಳಗೆ ಇವರ ಸೂಟ್‌ಕೇಸ್ ಇತ್ತು. ಅದರ ಪಕ್ಕದಲ್ಲಿ ನಕ್ಷೆಯ ಪೆನ್ನುಗಳ ಡಬ್ಬಿ, ಉಣ್ಣೆಯ ಕೋಟು, ದಿಂಬು. ದಿಂಬನ್ನು ನೋಡಿ ನನಗೆ ಎಲ್ಲ ಅರ್ಥವಾಯಿತು. ಇವರಿಗೆ ಬೇರೆ ದಿಂಬಿನಲ್ಲಿ ನಿದ್ದೆ ಬರುವುದಿಲ್ಲ. ಎರಡು ವಾರದಿಂದ ಅತಿಥಿಗಳ ದಿಂಬಿನಲ್ಲಿ ಮಲಗುತ್ತಿದ್ದರು, ಕಂಡಿದ್ದರೂ ಏಕೆಂದು ನಾನು ಯೋಚಿಸಿರಲಿಲ್ಲ. ಬೋಲ್ಟು ಡಿಕ್ಕಿಯನ್ನು ಮೆಲ್ಲಗೆ ಮುಚ್ಚಿ, “ಪೆಟ್ಟಿಗೆ ಇಲ್ಲಿಲ್ಲ ಅತ್ತಿಗೆ,” ಅಂದ. ಅದು ಕೋಟಿನ ಕೆಳಗೇ ಇತ್ತು.

ಪ್ರತಿ ಬೆಳಗ್ಗೆ ನನ್ನನ್ನು ಬಿಟ್ಟು ಹೋಗಲು ಕೂತಿದ್ದಾರೆ ಗುಬ್ಬಿ. ಹೋಗಲೋ ಬೇಡವೋ ಎಂದು ಯೋಚಿಸಿದಷ್ಟು ಹೊತ್ತೂ ಸುರುಳಿ ಕಾದಿದೆ. ಹೋಗುವುದೇ ಸರಿ ಎಂದು ತೀರ್ಮಾನಿಸುವಷ್ಟರಲ್ಲಿ ಕಾರು ಏಳದಂತಾಗಿದೆ. ಬಂದು ಕಾಫಿ ಕುಡಿದಿದ್ದಾರೆ. ಕವಿತೆ ಓದುವ ಚಟದವಳು ನಾನು, ಇಂಥದ್ದರಲ್ಲಿ ಏನಾದರೂ ಚೆಲುವು ಹುಡುಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದರಲ್ಲಿ ಏನೂ ಸಿಗಲಿಲ್ಲ.

ಬೋಲ್ಟು ಬಹಳ ಹೊತ್ತು ಕೈ ಒರೆಸಿದ. “ವೈರು ಹಿಂಗೇ ಇರ್ಲಾ ಅತ್ತಿಗೆ? ನಾನೇನೂ ಹೇಳಲ್ಲ ಅವನಿಗೆ. ಕಾರ್ಬ್ಯುರೇಟರ್ ಹೋಗಿದೆ, ಸಾಮಾನು ಸಿಗಲ್ಲ ಅಂತೀನಿ.”

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾರು ಏಳಲಿಲ್ಲ ಎಂಬ ಕಾರಣಕ್ಕೆ ಒಬ್ಬರು ನನ್ನೆದುರು ಕೂತು ಕಾಫಿ ಕುಡಿಯುವುದು, ಅವರ ಲೋಟವನ್ನು ನಾನು ತೊಳೆಯುವುದು, ಇದನ್ನು ಇನ್ನೆಷ್ಟು ವರ್ಷ?

“ಸರಿಯಾದ ಕಡೆ ಕಟ್ಟಿಬಿಡಿ,” ಅಂದೆ.

ಕಟ್ಟಿದ. ಹೋಗುವಾಗ ಕಾಫಿ ಬೇಡವೆಂದ. ಸಂಜೆ ಇವರಿಗೆ “ವೈರು ಬದಲಾಯಿಸಿದ್ದಾರೆ, ಇನ್ನು ಎಷ್ಟು ಹೊತ್ತು ಕೂತರೂ ಸ್ಟಾರ್ಟ್ ಆಗತ್ತಂತೆ” ಎಂದೆ. ಅನ್ನ ಕಲಸುತ್ತಿದ್ದ ಕೈ ಒಂದು ಗಳಿಗೆ ನಿಂತು ಮತ್ತೆ ಕಲಸಿತು. ಆಮೇಲೆ ಮೂರು ಬೆಳಗ್ಗೆ ಷೆಡ್ಡಿಗೆ ಹೋಗಲೇ ಇಲ್ಲ. ಸುಮ್ಮನೆ ಹೇಳುತ್ತಿದ್ದೇನೆ, ಇದರಿಂದ ನಾನೇನೂ ಆಸೆ ಕಟ್ಟಿಕೊಂಡಿಲ್ಲ.

ನಿನ್ನ ಮಕ್ಕಳಿಬ್ಬರೂ ಚೆನ್ನಾಗಿ ಓದಲಿ, ನಿನಗೆ ಬೇಗ ಸಣ್ಣ ಅಕ್ಷರವೂ ಕಾಣುವಂತಾಗಲಿ. ಮೂಗಿಗೆ ಹನಿ ಬಿಡುವವರು ನೂರು ವರ್ಷ ನಿನ್ನ ಜೊತೆಗಿರಲಿ. ನನ್ನ ಮಗಳು ಫೋನು ಮಾಡಿದರೆ ಸದ್ಯಕ್ಕೆ ಏನೂ ಹೇಳಬೇಡ.

ನಿನ್ನ
ಗೂಬೆ

ತಾ.ಕ.: ಗುರುವಾರ. ಲಕೋಟೆ ಅಂಟಿಸಿರಲಿಲ್ಲ. ಇವತ್ತು ಬೆಳಗ್ಗೆ ರೇಡಿಯೊ ಮತ್ತೆ ಕೇಳಿಸಿತು. ವಾರ್ತೆ, ಹವಾಮಾನ, ಒಂದು ಹಾಡು, ಇನ್ನೊಂದು ಹಾಡು. ಆಮೇಲೆ ಒಂದೇ ತಿರುವಿಗೆ ಎಂಜಿನ್ ಎದ್ದಿತು. ನಾನು ಒಲೆಯ ಮುಂದೆ ನಿಂತೇ ಇದ್ದೆ. ಇವರು ಓಡಿಬಂದರು ಗುಬ್ಬಿ, ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಜವಾಗಿಯೂ ಓಡಿಬಂದು, ಅಡುಗೆಮನೆಯ ಬಾಗಿಲು ಹಿಡಿದು, “ಏ, ಸ್ಟಾರ್ಟ್ ಆಯ್ತು ಕಣೇ!” ಅಂದರು. ಎಷ್ಟೋ ವರ್ಷಗಳಿಂದ ಕಾಣದ ಮುಖ. ಸಂತೋಷ ಹೇಳಿಕೊಳ್ಳಲು ಅವರಿಗೆ ಇನ್ನೂ ನಾನೇ. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹೊರಗೆ ಎಂಜಿನ್ ಓಡುತ್ತಲೇ ಇತ್ತು. ಇವರು ತಲೆ ತಗ್ಗಿಸಿ, ಹೋಗಿ ಚಪ್ಪಲಿ ಮೆಟ್ಟಿಕೊಂಡರು. ನಾನು ಹೋಗಿ ಗೇಟು ತೆಗೆದೆ.