ಗೆಲ್ಲದೆ ಕುಡಿದ ಮುರ್ಸಿಕ್

ಇಟೆನ್,
ಆಗಸ್ಟ್ ೧೪, ೨೦೧೯, ಬುಧವಾರ

ಪ್ರೀತಿಯ ಹಿರಿಮಗ ಯಾತೋರ್‌ಗೆ ಅಮ್ಮನ ಹಾರೈಕೆಗಳು.

ಹೇಗಿದ್ದೀಯ ಮಗನೇ? ಮೊಣಕಾಲು ನೋವು ಕಡಿಮೆಯಾಯಿತೇ? ಇಟಲಿಯಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಕೆಂಪು ಹಸು ಕರು ಹಾಕಿದೆ.

ನಿನ್ನ ತಮ್ಮ ಕಿಬೋರನ ಕಾಲಿನ ಮೂಳೆ ಬಿರುಕು ಬಿಟ್ಟಿದ್ದು ನಿನಗೆ ಗೊತ್ತೇ ಇದೆ. ಎಲ್ಡೊರೆಟ್‌ನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಯಂತ್ರದ ಕೆಳಗೆ ಮಲಗಿಸಿ ನೋಡಿದರು. ಇಪ್ಪತ್ತನಾಲ್ಕರ ಹುಡುಗನಿಗೆ ಟೆಸ್ಟೊಸ್ಟಿರೋನ್ ಮುದುಕರಿಗಿಂತ ಕಡಿಮೆಯಂತೆ. ಅದು ಬರೀ ಗಡ್ಡಮೀಸೆಯ ಹಾರ್ಮೋನಲ್ಲ, ಗಂಡಸರ ಮೂಳೆಯನ್ನೂ ಮಾಂಸಖಂಡವನ್ನೂ ಕಾಯುವುದು ಅದೇ ಎಂದು ಅವರು ಹೇಳುವಾಗ, ಮೂವತ್ತು ವರ್ಷ ಟೀಚರಾಗಿದ್ದ ನಾನೂ ಬಾಯಿ ಬಿಟ್ಟುಕೊಂಡು ಕೇಳಿದೆ. ಅವನ ತೊಡೆಯ ಮಾಂಸ ಕರಗಿತ್ತು, ಸೊಂಟದ ಮೂಳೆ ತೆಳುವಾಗಿತ್ತು. ಕಾರಣವೇನು ಗೊತ್ತೇ, ಈ ಮಹಾಶಯನ ಶಪಥ! ಓಟ ಗೆದ್ದು ಬಂದವರ ಬಾಯಿಗೆ ವಿಮಾನ ನಿಲ್ದಾಣದಲ್ಲೇ ಸೋರೆಬುರುಡೆ ಹಿಡಿದು ಮುರ್ಸಿಕ್ ಕುಡಿಸುತ್ತೇವಲ್ಲ, ಆ ಹುಳಿಹಾಲನ್ನು ಗೆದ್ದೇ ಕುಡಿಯುತ್ತೇನೆಂದು ಎರಡು ವರ್ಷ ಹಾಲನ್ನೇ ಮುಟ್ಟಿರಲಿಲ್ಲವಂತೆ. ಮೈ ಹಗುರಾಗಲೆಂದು ಓಟಗಾರರ ಶಿಬಿರದಲ್ಲಿ ಉಗಾಲಿ ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟೇಳುತ್ತಿದ್ದನಂತೆ.

ಚೆನ್ನಾಗಿ ಉಣ್ಣು, ಒಂದು ವರ್ಷ ಓಡಬೇಡ, ಆಗ ದೇಹ ತಾನೇ ಸರಿಹೋದೀತು ಎಂದರು ಡಾಕ್ಟರಮ್ಮ. ಹಾರ್ಮೋನಿನ ಇಂಜೆಕ್ಷನ್ ಓಟಗಾರರಿಗೆ ನಿಷಿದ್ಧ ಎಂದೂ ಎಚ್ಚರಿಸಿದರು. ಓಡದಿದ್ದರೆ ಅಕ್ಟೋಬರಿನ ಓಟ, ಅವನ ಮೊದಲ ಪರದೇಶದ ಓಟ, ಕೈತಪ್ಪುತ್ತದೆ. ಅಷ್ಟರಲ್ಲಿ ನೀನು ಗೆಳೆಯನ ಕೈಯಲ್ಲಿ ಕಳಿಸಿದ ಆ ಇಂಜೆಕ್ಷನ್ನಿನ ಸೀಸೆ ಬಂತು. ಮೂರು ದಿನ ಕಿಬೋರ್ ಅದನ್ನು ಮಂಚದ ಮೇಲಿಟ್ಟುಕೊಂಡು ನೋಡುತ್ತಾ ಕೂತ.

ನಾಲ್ಕನೆಯ ದಿನ ಬೆಳಿಗ್ಗೆ ಊರುಗೋಲು ಹಿಡಿದು ಶಿಬಿರಕ್ಕೆ ಹೊರಟ. ಮುರ್ಸಿಕ್ ತುಂಬಿದ ಸೋರೆಬುರುಡೆ ಹೊರುವ ಕೆಲಸ ನನಗೆ! ಹುಡುಗರೆಲ್ಲ ಓಟ ಮುಗಿಸಿ ಚಹಾ ಕುಡಿಯುತ್ತಿದ್ದರು. ಅವರೆದುರೇ ನಿಂತು ಗಟಗಟ ಮುರ್ಸಿಕ್ ಕುಡಿದ. ಅವರು ಬಿಡುತ್ತಾರೆಯೇ? "ಯಾವ ಓಟ ಗೆದ್ದ್ಯೋ ಕುಂಟ? ನಿನ್ನ ವಿಮಾನ ಎಲ್ಲಿ ಇಳೀತು?" ಎಂದು ಕೇಕೆ ಹಾಕಿದರು. ಇವನು ಬಾಯಿ ಒರೆಸಿಕೊಂಡು, "ಗೆದ್ದಿಲ್ಲ ಕಣ್ರೋ, ಮೂಳೆ ಮುರ್ಕೊಂಡಿದ್ದೀನಿ. ಗಂಡಸಿನ ಹಾರ್ಮೋನು ನಂಗೆ ನಮ್ಮಜ್ಜನಿಗಿಂತ ಕಮ್ಮಿ ಇದೆಯಂತೆ. ನಿಮ್ಮಲ್ಲೂ ಊಟ ಬಿಟ್ಟೋರು ಇದ್ದೀರಿ, ನಂಗೊತ್ತು. ಹೋಗಿ ತೋರಿಸ್ಕೊಳ್ಳಿ" ಎಂದ. ಹತ್ತು ಜನರೆದುರು ತನ್ನ ಬಗ್ಗೆ ಹೀಗೆ ಹೇಳಿಕೊಳ್ಳುವ ಗಂಡಸನ್ನು ನಾನಂತೂ ಕಂಡಿಲ್ಲ. ಹೆತ್ತದ್ದು ಸಾರ್ಥಕವಾಯಿತು ಎನ್ನಿಸಿತು. ಮಾರನೆಯ ದಿನ ಇಬ್ಬರು ಹುಡುಗರು ಅವನ ಜೊತೆ ಎಲ್ಡೊರೆಟ್ಟಿನ ಮಟಾಟು ವ್ಯಾನು ಹತ್ತಿದರು. ಅಕ್ಟೋಬರಿಗೆ ಬರುವುದಿಲ್ಲವೆಂದು ಓಟ ನಡೆಸುವವರಿಗೆ ತಾನೇ ಫೋನ್ ಮಾಡಿ ತಿಳಿಸಿದ. ಈಗ ಮೂರು ಹೊತ್ತೂ ಉಣ್ಣುತ್ತಾನೆ, ಮೂರು ಕೆ.ಜಿ. ಏರಿದ್ದಾನೆ.

ನಿನ್ನ ಅತ್ತೆಯಂದಿರೆಲ್ಲ ನಿನ್ನನ್ನು ಕೇಳಿದರು. ದೇವರು ನಿನ್ನ ಮೈಯನ್ನೂ ಮನಸ್ಸನ್ನೂ ಕಾಯಲಿ.

ನಿನ್ನ ಅಮ್ಮ,
ತಪ್ಕಿಗೆನ್

ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಸೀಸೆಯನ್ನು ಕಿಬೋರ್ ಪಾಯಿಖಾನೆ ಗುಂಡಿಗೆ ಎಸೆದ. ಎಸೆಯುವ ಮೊದಲು ನಾನೂ ನೋಡಿದೆ. ಮುಚ್ಚಳದ ರಬ್ಬರಿನಲ್ಲಿ ಸೂಜಿ ಚುಚ್ಚಿದ ತೂತುಗಳಿದ್ದವು, ಒಳಗೆ ಅರ್ಧದಷ್ಟು ಔಷಧ ಖಾಲಿಯಾಗಿತ್ತು. ಈ ಮನೆಯಲ್ಲಿ ಅದಕ್ಕೆ ಯಾರೂ ಸೂಜಿ ಚುಚ್ಚಿಲ್ಲ. ಮೂರು ದಿನ ಅವನು ನೋಡುತ್ತಾ ಕೂತದ್ದು ಅದನ್ನೇ. ನನ್ನ ಹತ್ತಿರ ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ. ನಿಜ ಏನೆಂದು ನೀನೇ ಬರೆ ಮಗನೇ, ನನಗಲ್ಲ, ಅವನಿಗೆ.